ಶೇ 60ರ ಜೊತೆಗೆ ಅಕ್ಷರದ ರೂಪವನ್ನೂ ನೋಡಿ: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಂದ 2024ರ ತಿದ್ದುಪಡಿಯ ನಂತರ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು, ಅದೂ ಮೇಲ್ಭಾಗದಲ್ಲಿ. ಈ ಕಾನೂನಿಗೆ ನನ್ನ ಪೂರ್ತಿ ಬೆಂಬಲ ಇದೆ. ನನ್ನ ಕೋರಿಕೆ ಅದರ ಮುಂದಿನ ಹೆಜ್ಜೆಯ ಬಗ್ಗೆ. ನಿಯಮ ಜಾಗವನ್ನು ಅಳೆಯುತ್ತದೆ. ಆ ಜಾಗದಲ್ಲಿರುವ ಅಕ್ಷರ ಹೇಗಿದೆ ಎಂದು ಯಾರೂ ನೋಡುತ್ತಿಲ್ಲ.

ಎಷ್ಟೋ ಕಡೆ ಇಂಗ್ಲಿಷ್ ಹೆಸರನ್ನು ಡಿಸೈನರ್ ಕೂತು ಬರೆದಿರುತ್ತಾರೆ. ಕನ್ನಡಕ್ಕೆ ಮಾತ್ರ ಕಂಪ್ಯೂಟರಿನಲ್ಲಿ ಮೊದಲು ಸಿಕ್ಕ ಫಾಂಟ್. ಜಾಗ ತುಂಬಲಿ ಅಂತ ಅದನ್ನು ಅಡ್ಡಕ್ಕೆ ಎಳೆಯುತ್ತಾರೆ. ಆಗ ನಿಂತ ಗೆರೆಗಳು ದಪ್ಪವಾಗುತ್ತವೆ, ಮಲಗಿದ ಗೆರೆಗಳು ಇದ್ದಷ್ಟೇ ಇರುತ್ತವೆ, ದುಂಡಗಿನ ಅಕ್ಷರ ಚಪ್ಪಟೆಯಾಗುತ್ತದೆ. ಠ ಮತ್ತು ರ ನಡುವೆ ಇರುವುದು ಒಂದು ಚುಕ್ಕೆಯ ವ್ಯತ್ಯಾಸ. ದ ಮತ್ತು ಧ ನಡುವೆ ಹೊಟ್ಟೆ ಸೀಳಿದ ಒಂದು ಚಿಕ್ಕ ಗೆರೆ. ಇವು ಮುಚ್ಚಿಹೋದರೆ ಬಸ್ಸಿನ ಕಿಟಕಿಯಿಂದ ಓದುವವರ ಗತಿ ಏನು?

ಒತ್ತಕ್ಷರದ ಪಾಡಂತೂ ಇನ್ನೂ ಕಷ್ಟ. ‘ಸ್ತ್ರೀರೋಗ ತಜ್ಞರು’ ಎಂದು ಬರೆಯಬೇಕಾದರೆ ಮೇಲೆ ಗುಡಿಸಿಗೆ, ಪಕ್ಕದಲ್ಲಿ ದೀರ್ಘಕ್ಕೆ ಜಾಗ ಬೇಕು. ಕೆಳಗೆ ಎರಡೆರಡು ಒತ್ತುಗಳಿಗೆ ಜಾಗ ಬೇಕು. ಇಂಗ್ಲಿಷ್ ಸಾಲಿನ ಅಳತೆಗೆ ಕನ್ನಡವನ್ನು ಕೂರಿಸಿದರೆ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ತಾಗಬಾರದು ಅಂತ ಇಡೀ ಅಕ್ಷರವನ್ನೇ ಚಿಕ್ಕದು ಮಾಡುತ್ತಾರೆ. ನಾನು ಹೋಗಿದ್ದ ಒಂದು ಆಸ್ಪತ್ರೆಯಲ್ಲಿ ‘ತುರ್ತು ಚಿಕಿತ್ಸೆ’ ಎಂಬುದು ‘ತುರ್‌ತು ಚಿಕಿತ್‌ಸೆ’ ಆಗಿತ್ತು. ಫೋಟೊಶಾಪ್, ಇನ್‌ಡಿಸೈನ್‌ನಂಥ ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಭಾರತೀಯ ಲಿಪಿಗಳ ಸೆಟ್ಟಿಂಗ್ ಆನ್ ಮಾಡದಿದ್ದರೆ ಹೀಗೆ ಒಡೆಯುತ್ತದೆ. ಒಂದೇ ನಿಮಿಷದಲ್ಲಿ ಸರಿ ಮಾಡಬಹುದಾದ ತಪ್ಪು. ಅಳತೆಯ ಪ್ರಕಾರ ಮಾತ್ರ ಆ ಫಲಕ ಪಾಸು!

ಅಕ್ಷರಕ್ಕೆ ದನಿಯೂ ಇದೆ, ಸರ್. ಯಕ್ಷಗಾನದ ಕರಪತ್ರದ ಅಲಂಕಾರದ ಅಕ್ಷರ ನೋಡಿದರೆ ಓದುವ ಮೊದಲೇ ಚೆಂಡೆ ಕೇಳಿಸುತ್ತದೆ. ಪೇಂಟರುಗಳು ಬ್ರಶ್ ಹಿಡಿದು ಬರೆದ ಹೋಟೆಲ್ ಬೋರ್ಡಿನಲ್ಲಿ ಆ ಊರಿನ ಕೈ ಕಾಣುತ್ತದೆ. ಈಗ ನಾಯಕರ ಹುಟ್ಟುಹಬ್ಬದ ಫ್ಲೆಕ್ಸಿಗೂ ‘ಭಾವಪೂರ್ಣ ಶ್ರದ್ಧಾಂಜಲಿ’ಗೂ ಅದೇ ಉಬ್ಬಿದ, ಬಣ್ಣದ ಅಂಚಿನ ಅಕ್ಷರ. ಮನೆಯವರ ದುಃಖದ ಮುಂದೆ ಸಂಭ್ರಮದ ಅಕ್ಷರ ನಿಲ್ಲಿಸಿದರೆ ಮನಸ್ಸಿಗೆ ಚುಚ್ಚುತ್ತದೆ, ಅಲ್ವಾ? ‘ಅಪಾಯ’ ಎಂಬ ಫಲಕವನ್ನು ಮಕ್ಕಳ ಪುಸ್ತಕದ ಅಕ್ಷರದಲ್ಲಿ ಬರೆದರೆ ಯಾರೂ ಹೆದರುವುದಿಲ್ಲ. ಅಲ್ಲಿ ಅಕ್ಷರ ನೆಟ್ಟಗೆ, ಗಟ್ಟಿಯಾಗಿ ಮಾತಾಡಬೇಕು.

ಬ್ರಿಟನ್ನಿನಲ್ಲಿ 1958ರಲ್ಲಿ ಪ್ರೆಸ್ಟನ್ ಬೈಪಾಸ್ ಎಂಬ ಹೆದ್ದಾರಿ ತೆರೆದಾಗ ಅದರ ಫಲಕಗಳನ್ನು ರೂಪಿಸಿದವರು ಡಿಸೈನರ್‌ಗಳಾದ ಜಾಕ್ ಕಿನ್ನೀರ್ ಮತ್ತು ಮಾರ್ಗರೆಟ್ ಕಾಲ್ವರ್ಟ್. ವೇಗವಾಗಿ ಹೋಗುವವರು ದೂರದಿಂದ ಓದಲು ಅಕ್ಷರ ಹೇಗಿರಬೇಕು ಎಂದು ಅವರು ಮೊದಲು ನೋಡಿದರು. ಫಲಕದ ಅಳತೆ ಅದರ ಮೇಲೆ ನಿಂತಿತು. ಇಂಗ್ಲಿಷಿನ ಬರೀ ದೊಡ್ಡಕ್ಷರ (ಕ್ಯಾಪಿಟಲ್) ಬೇಡ, ಚಿಕ್ಕಕ್ಷರವೂ (ಸ್ಮಾಲ್) ಇದ್ದರೆ ಪದಕ್ಕೆ ಒಂದು ಆಕಾರ ಬರುತ್ತದೆ, ಬೇಗ ಗುರುತು ಸಿಗುತ್ತದೆ ಎಂದು ಅವರು ವಾದಿಸಿದರು. ಕನ್ನಡಕ್ಕೆ ಆ ಆಕಾರ ಹುಟ್ಟಿನಿಂದಲೇ ಇದೆ. ಮೇಲೆ ಗುಣಿತ, ಕೆಳಗೆ ಒತ್ತು. ನಾವು ಅದನ್ನೇ ಅಮುಕುತ್ತಿದ್ದೇವೆ.

ಖರ್ಚಿನ ಮಾತೂ ಇಲ್ಲ. ನೋಟೊ ಸ್ಯಾನ್ಸ್ ಕನ್ನಡ, ಬಲೂ ತಮ್ಮ, ತಿರೊ ಕನ್ನಡ, ಅನೇಕ್ ಕನ್ನಡ, ಈ ಫಾಂಟ್‌ಗಳೆಲ್ಲವೂ ಉಚಿತ. ಅನೇಕ್‌ನಲ್ಲಿ ಕಿರಿದಾದ ಅಕ್ಷರದಿಂದ ಅಗಲವಾದ ಅಕ್ಷರದವರೆಗೆ ಬೇರೆ ಬೇರೆ ರೂಪಗಳನ್ನು ಮಾಡಿಟ್ಟಿದ್ದಾರೆ. ಜಾಗ ಸಾಲದಿದ್ದರೆ ಕಿರಿದಾದ್ದನ್ನು ಆರಿಸಿಕೊಂಡರಾಯಿತು. ಎಳೆಯುವುದೂ ಬೇಡ, ಹಿಚುಕುವುದೂ ಬೇಡ.

ಹಾಗಾಗಿ ನಿಯಮದ ಜೊತೆ ಒಂದೇ ಪುಟದ ಸೂಚನೆ ಹೊರಡಿಸಿ. ಎಳೆದ ಅಕ್ಷರ, ಒಡೆದ ಒತ್ತು ನಡೆಯುವುದಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿರಲಿ. ಒತ್ತಿಗೆ ಬೇಕಾದಷ್ಟು ಸಾಲಿನ ಅಂತರ ಇರಲಿ. ಅದನ್ನು ಅಕ್ಷರ ಬರೆಯುವ ಪೇಂಟರುಗಳು, ಫಾಂಟ್ ಮಾಡುವವರು, ಫ್ಲೆಕ್ಸ್ ಅಂಗಡಿಯವರು ಒಟ್ಟಿಗೆ ಕೂತು ಬರೆಯಲಿ. ಅಂಗಡಿಯವರಿಗೆ ದಂಡ ಹಾಕುವ ಮೊದಲು ಸರ್ಕಾರಿ ಆಸ್ಪತ್ರೆ, ಬಸ್ ನಿಲ್ದಾಣ, ತಾಲ್ಲೂಕು ಕಚೇರಿಗಳ ಫಲಕ ಸರಿಯಾಗಲಿ. ಶುರುವಿಗೆ ನಿಮ್ಮ ಇಲಾಖೆಯ ಮುಂದಿನ ಕಾರ್ಯಕ್ರಮದ ಬ್ಯಾನರನ್ನು ಅಚ್ಚಿಗೆ ಕಳಿಸುವ ಮುಂಚೆ ಒಬ್ಬ ಅಕ್ಷರ ಬಲ್ಲವರಿಗೆ ತೋರಿಸಿ.

ಇಂತಿ,
ಒಬ್ಬ ಕನ್ನಡ ಓದುಗ