ಮಗಳಿಗೊಂದು ಪತ್ರ: ತಾರೀಖು ಬರೆದಿಟ್ಟ ಚಿತ್ರಗಾರ

ಪ್ರೀತಿಯ ಮಗಳೇ,

ಉಟ್ರೆಕ್ಟ್‌ನಿಂದ ನೀನು ಅಂಚೆಯಲ್ಲಿ ಕಳಿಸಿದ ಚಿತ್ರದ ಪ್ರತಿ ಬುಧವಾರ ಕೈಸೇರಿತು. ಊಟದ ಮೇಜಿನ ಗಾಜಿನಡಿ ಇಟ್ಟಿದ್ದೇನೆ. ನಿನ್ನ ಅಮ್ಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. ಕೊನೆಗೆ ಕೇಳಿದ್ದು ಒಂದೇ ಮಾತು: "ಇಷ್ಟು ದೊಡ್ಡ ಚರ್ಚು, ಒಳಗೆ ದೇವರೆಲ್ಲಿ?"

ಅವಳ ಪ್ರಶ್ನೆ ಸರಿಯಾಗಿಯೇ ಇದೆ. 1566ರಲ್ಲಿ ನೆದರ್ಲೆಂಡ್ಸ್ ಸೀಮೆಯ ಜನರೇ ಚರ್ಚುಗಳಿಗೆ ನುಗ್ಗಿ ಮೂರ್ತಿಗಳನ್ನು ಒಡೆದರು. ಮುಂದೆ ಒಂದೊಂದಾಗಿ ಚರ್ಚುಗಳು ಪ್ರಾಟೆಸ್ಟೆಂಟರ ಕೈಸೇರಿದಾಗ ಗೋಡೆಯ ಚಿತ್ರಗಳ ಮೇಲೆ ಸುಣ್ಣ ಬಿತ್ತು. ನೀನು ಕಳಿಸಿದ ಚಿತ್ರ ಬರೆದ ಪೀಟರ್ ಸಾನ್‌ರೆಡಾಮ್ ಕಾಗದ ಹಿಡಿದು ಒಳಗೆ ಹೋಗುವ ಹೊತ್ತಿಗೆ ಉಳಿದದ್ದು ಕಂಬ, ಕಮಾನು, ನೆಲದಲ್ಲಿ ಹುದುಗಿಸಿದ ಸಮಾಧಿಯ ಕಲ್ಲುಗಳು, ಮತ್ತೆ ಬೆಳಕು. ಅಷ್ಟನ್ನೇ ಅವನು ಜೀವಮಾನವಿಡೀ ಬರೆದ.

ನನ್ನ ಕಣ್ಣು ಮೊದಲು ಹೋದದ್ದು ಮಾತ್ರ ತಾರೀಖಿನ ಮೇಲೆ. 16 ಆಗಸ್ಟ್ 1636. ಸರ್ವೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಸರಪಳಿ ಎಳೆದವನಿಗೆ ಹಾಳೆಯಲ್ಲಿ ಮೊದಲು ಕಾಣುವುದೇ ಅದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಜಮೀನಿನ ಟಿಪ್ಪಣಿಗೆ ತಾರೀಖು ಹಾಕದೆ ಬಿಟ್ಟಿದ್ದೆ. ಬದು ಮೊದಲೇ ಅಲ್ಲಿತ್ತೋ ಆಮೇಲೆ ಸರಿಯಿತೋ ಎಂದು ಅಣ್ಣ ತಮ್ಮಂದಿರಿಬ್ಬರು ವರ್ಷಗಟ್ಟಲೆ ಕಚೇರಿಗೆ ಅಲೆದರು. ಗೆರೆ ಸರಿಯಾಗಿಯೇ ಇತ್ತು, ಎಂದಿನ ಗೆರೆ ಎಂಬುದೇ ಇರಲಿಲ್ಲ. ಅಂದಿನಿಂದ ತಾರೀಖಿಲ್ಲದ ನಕ್ಷೆ ಕಂಡರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಈ ಮನುಷ್ಯನೋ, ಯಾವ ಊರು, ಯಾವ ಚರ್ಚು, ಯಾವ ದಿನ ಎಂದು ಹಾಳೆ ಹಾಳೆಗೂ ಬರೆದಿಡುತ್ತಿದ್ದ. ನಮ್ಮ ಕುಲದವನು ಅನ್ನಿಸಿತು.

ಚಿತ್ರದಲ್ಲಿರುವುದು ನಿನ್ನ ಊರಿನ ಬ್ಯೂರ್‌ಕೆರ್ಕ್ ಚರ್ಚು. ಕಳೆದ ಬೇಸಿಗೆಯಲ್ಲಿ ನೀನು ನಮ್ಮನ್ನು ಕರೆದೊಯ್ದಿದ್ದೆಯಲ್ಲ, ತಾವಾಗಿ ನುಡಿಯುವ ಗಡಿಯಾರಗಳು, ಬೀದಿ ಆರ್ಗನ್‌ಗಳ ಸಂಗ್ರಹಾಲಯ, ಅದೇ ಕಟ್ಟಡ. ಅಮ್ಮ ವಾದ್ಯಗಳನ್ನು ಬಿಟ್ಟು ಕದಲಲಿಲ್ಲ. ನಾನು ಆ ದಪ್ಪ ಕಂಬಗಳನ್ನು ನೋಡುತ್ತ ನಿಂತಿದ್ದೆ, ಅಲ್ಲಿಯೇ ಎಲ್ಲೋ ಅವನೂ ನಿಂತಿದ್ದನೆಂಬುದು ಆಗ ಗೊತ್ತಿರಲಿಲ್ಲ.

ನಿನ್ನ ಪತ್ರದ ಒಂದು ಸಾಲು ನಾಲ್ಕು ದಿನದಿಂದ ಕೊರೆಯುತ್ತಿದೆ. "ದಿನವಿಡೀ ಬೇರೆಯವರು ಕಟ್ಟಿದ್ದನ್ನು ಅಳೆದು ಬರೆಯುವುದೇ ಆಯಿತು, ನನ್ನದು ಎಂಬ ಒಂದು ಗೆರೆಯೂ ಇಲ್ಲ" ಎಂದಿದ್ದೀಯೆ. ಹಳೆಯ ಕಟ್ಟಡಗಳ ಅಳತೆ ತೆಗೆಯುವ ಕೆಲಸ ನಿನಗೆ ಹಗುರವಾಗಿ ಕಾಣುತ್ತಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅವನು ಕೆಲಸ ಮಾಡುತ್ತಿದ್ದ ಬಗೆ ನೋಡು. ಮೊದಲು ಸ್ಥಳದಲ್ಲೇ ಕುಳಿತು ಕಂಡದ್ದನ್ನು ಬರೆಯುತ್ತಿದ್ದ. ಆಮೇಲೆ ಮನೆಗೆ ಬಂದು ಅಳತೆಗಳನ್ನಿಟ್ಟುಕೊಂಡು ಎರಡನೆಯ ಚಿತ್ರ. ಅದರಲ್ಲಿ ನೋಡುವವನ ಕಣ್ಣು ಎಲ್ಲಿದೆ ಎಂದು ಒಂದು ಬಿಂದುವನ್ನು ಗುರುತಿಸಿ, ದೂರಕ್ಕೆ ಸಾಗುವ ಗೆರೆಗಳನ್ನೆಲ್ಲ ಅಲ್ಲಿಗೆ ಎಳೆಯುತ್ತಿದ್ದ. ಕೊನೆಗೆ ಆ ಹಾಳೆಯ ಬೆನ್ನಿಗೆ ಕಪ್ಪು ಬಳಿದು, ಮುಂಭಾಗದ ಗೆರೆಗಳ ಮೇಲೆ ಒತ್ತಿ ತಿದ್ದಿ, ಹಲಗೆಗೆ ಇಳಿಸಿಕೊಳ್ಳುತ್ತಿದ್ದ. ಬಣ್ಣ ಹಚ್ಚುವುದು ಅದಾದ ಮೇಲೆ. ಒಂದೊಂದು ಸಲ ವರ್ಷಗಳೇ ಕಳೆದ ಮೇಲೆ. ನೀನು ಕಳಿಸಿದ ಚಿತ್ರದ ಹಾಳೆಯನ್ನೇ ತೆಗೆದುಕೋ: ಅದರ ಬಲಭಾಗ 1644ರಲ್ಲಿ ಒಂದು ವರ್ಣಚಿತ್ರವಾಯಿತು, ಎಡಭಾಗ 1645ರಲ್ಲಿ ಇನ್ನೊಂದು. ಎಂಟೊಂಬತ್ತು ವರ್ಷ ಆ ಕಾಗದ ಕಾದಿತ್ತು. ವರ್ಣಚಿತ್ರದಲ್ಲಿ ಅಲ್ಲಲ್ಲಿ ಅನುಪಾತವನ್ನು ತನಗೆ ಬೇಕಾದಂತೆ ಸರಿಮಾಡಿಕೊಂಡಿದ್ದಾನೆ. ಅದು ಅವನ ಹಕ್ಕು. ಆದರೆ ಮೊದಲು ಅಳೆದು ತಿಳಿದ, ಆಮೇಲೆ ಬದಲಿಸಿದ.

1644ರ ಆ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಬಿಡುವು ಮಾಡಿಕೊಂಡು ಹೋಗಿ ಬಾ. ಅದರ ಒಂದು ಮೂಲೆಯಲ್ಲಿ ಹುಡುಗನೊಬ್ಬ ಆ ಬೆಳ್ಳನೆಯ ಗೋಡೆಗೆ ಗೀಚುತ್ತಿದ್ದಾನೆ. ಪಕ್ಕದಲ್ಲಿ ಇನ್ನೊಬ್ಬ ನಾಯಿಯೊಂದಿಗೆ ಕುಳಿತಿದ್ದಾನೆ. ಗೋಡೆಯ ಮೇಲೆ ಒಂದೇ ಕುದುರೆಯ ಬೆನ್ನಿಗೆ ಸಾಲಾಗಿ ನಾಲ್ವರು ಸವಾರರು, ಯುರೋಪಿನ ಹಳೆಯ ಕಥೆಯೊಂದರ ಅಣ್ಣ ತಮ್ಮಂದಿರು. ಆ ಗೀಚಿನ ಕೆಳಗೇ ಚಿತ್ರಗಾರ ತನ್ನ ಹೆಸರು ಬರೆದಿದ್ದಾನೆ. ಇಡೀ ಚರ್ಚಿನ ಒಂದೊಂದು ಕಮಾನನ್ನೂ ಲೆಕ್ಕ ಹಾಕಿ ಎಬ್ಬಿಸಿದವನು ಸಹಿಗೆ ಆರಿಸಿಕೊಂಡದ್ದು ಆ ಜಾಗವನ್ನು!

ಇನ್ನೊಂದು ಚಿತ್ರದ ವಿಷಯ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್‌ನಲ್ಲಿ ಕಾಲು ನೋವೆಂದು ನಾನು ಒಂದು ಬೆಂಚಿನಲ್ಲಿ ಬಹಳ ಹೊತ್ತು ಕುಳಿತಿದ್ದೆ, ನೆನಪಿದೆಯೇ? ನೋವಿಗಾಗಿ ಕುಳಿತದ್ದಲ್ಲ. ಎದುರಿಗೆ ಅಸೆಂಡೆಲ್ಫ್ಟ್ ಚರ್ಚಿನ ಒಳಾಂಗಣ ಇತ್ತು. ಅಸೆಂಡೆಲ್ಫ್ಟ್ ಅವನು 1597ರಲ್ಲಿ ಹುಟ್ಟಿದ ಹಳ್ಳಿ. ದೂರದಲ್ಲಿ ಜನ ಸೇರಿ ಉಪದೇಶ ಕೇಳುತ್ತಿದ್ದಾರೆ, ಕೆಲವರು ನೆಲದಲ್ಲೇ ಕುಳಿತಿದ್ದಾರೆ. ಹತ್ತಿರದಲ್ಲಿ, ನಮ್ಮ ಕಾಲಿಗೆ ತಾಗುವಂತೆ, ನೆಲದ ಮೇಲೊಂದು ಕಲ್ಲು. ಅದರ ಮೇಲಿರುವುದು ಅವನ ತಂದೆ ಯಾನ್ ಸಾನ್‌ರೆಡಾಮ್‌ನ ಹೆಸರು. ತಾಮ್ರದ ತಗಡಿನಲ್ಲಿ ಚಿತ್ರ ಕೊರೆಯುವುದರಲ್ಲಿ ಹೆಸರಾದವನು. 1607ರಲ್ಲಿ ತೀರಿಕೊಂಡಾಗ ಮಗನಿಗೆ ಹತ್ತು ತುಂಬಿರಲಿಲ್ಲ. ಆ ಚರ್ಚನ್ನು ಮಗ ಕಾಗದಕ್ಕಿಳಿಸಿದ್ದು 1634ರಲ್ಲಿ, ಬಣ್ಣದಲ್ಲಿ ಮುಗಿಸಿದ್ದು 1649ರ ಅಕ್ಟೋಬರ್ 2ರಂದು. ಆ ದಿನಾಂಕವೂ ಚಿತ್ರದೊಳಗಿನ ಆಸನದ ಮೇಲೆ ಇದೆ.

ಕಲ್ಲಿನ ಮೇಲೆ ಹೂವಿಲ್ಲ, ಅಳುವವರಿಲ್ಲ. ಉಳಿದ ಕಲ್ಲುಗಳಂತೆಯೇ ಅದೂ ನೆಲಕ್ಕೆ ಒರಗಿದೆ, ಅಕ್ಷರಗಳು ಕೂಡ ಅದೇ ಓರೆಯಲ್ಲಿ ದೂರಕ್ಕೆ ಕಿರಿದಾಗುತ್ತ ಹೋಗುತ್ತವೆ. ಅಪ್ಪನ ಹೆಸರನ್ನು ಅಷ್ಟು ಸರಿಯಾಗಿ ನೆಲದ ಮೇಲೆ ಮಲಗಿಸಲು ಆ ಮಗ ಎಷ್ಟು ಸಲ ಸ್ಕೇಲು ಇಟ್ಟು ನೋಡಿರಬೇಕು! ನಾನು ಎದ್ದು ಬರಲಾಗದೆ ಕುಳಿತದ್ದು ಅದಕ್ಕೆ. ಆ ಚರ್ಚು ಈಗ ಇಲ್ಲ, 19ನೇ ಶತಮಾನದಲ್ಲಿ ಕೆಡವಿದರು.

ನಿನ್ನ ಊರಿನಲ್ಲೇ ನೋಡು. ದಿನಾ ಸೈಕಲ್‌ನಲ್ಲಿ ಹಾಯುವ ಡೋಮ್ ಚೌಕದಲ್ಲಿ ಗೋಪುರ ಒಂದೆಡೆ, ಚರ್ಚು ಒಂದೆಡೆ, ನಡುವೆ ಬಯಲು. ಅಲ್ಲಿ ಆ ಚರ್ಚಿನದೇ ಉದ್ದನೆಯ ಸಭಾಂಗಣವಿತ್ತು, 1674ರ ಬಿರುಗಾಳಿಗೆ ಕುಸಿಯಿತು. ಅದಕ್ಕಿಂತ 38 ವರ್ಷ ಮೊದಲು ಇವನು ಅದರೊಳಗೆ ಕುಳಿತು ಬರೆದಿದ್ದ. ಮಾರಿಯಾಕೆರ್ಕ್ ಕೂಡ ಹೋಯಿತು, ಅಂಗಳದ ಸುತ್ತಿನ ಮೊಗಸಾಲೆ ಮಾತ್ರ ನಿಂತಿದೆ. ಆ ಚರ್ಚಿನ ಒಂದು ಕಂಬದ ತಳ ಜವುಗಿನಲ್ಲಿ ಇಳಿಯುತ್ತಲೇ ಇದ್ದಾಗ ಎತ್ತಿನ ಚರ್ಮ ಹಾಸಿ ಅಡಿಪಾಯ ನಿಲ್ಲಿಸಿದರು ಎಂಬ ಐತಿಹ್ಯವಿದೆ. ಅದನ್ನು ನೆನಪಿಸುವ ಎತ್ತಿನ ಚಿತ್ರ ಕಂಬದ ಮೇಲಿತ್ತು, ಅದನ್ನೂ ಇವನು ಬಿಡದೆ ಬರೆದಿದ್ದಾನೆ. ಇವು ಉರುಳುತ್ತವೆಂದು ಅವನಿಗೆ ಗೊತ್ತಿರಲಿಲ್ಲ. ಗಟ್ಟಿಯಾಗಿ ನಿಂತಿದ್ದ ಕಟ್ಟಡವನ್ನೇ ಅಷ್ಟು ಜತನದಿಂದ ನೋಡಿದ. ಬೇರೆಯವರು ಕಟ್ಟಿದ ಕಂಬವೇ ಇರಬಹುದು, ಮಗಳೇ. ಇಂದು ಆ ಕಂಬ ಇರುವುದು ಇವನ ಗೆರೆಯಲ್ಲಿ.

ಡಿಸೆಂಬರ್‌ನಲ್ಲಿ ಬರುತ್ತೀಯಲ್ಲ, ನಾಲ್ಕು ದಿನ ಹೆಚ್ಚು ರಜೆ ಹಾಕು. ಸಂಕ್ರಾಂತಿ ಕಳೆದ ಮೇಲೆ ಊರಿನ ಮನೆ ಬಿಚ್ಚಿಸುವುದೆಂದು ನಿನ್ನ ದೊಡ್ಡಪ್ಪ ತೀರ್ಮಾನಿಸಿದ್ದಾನೆ. ತೊಲೆಗಳಿಗೆ ಗೆದ್ದಲು ಹಿಡಿದಿದೆ, ಅವನನ್ನು ತಪ್ಪೆನ್ನಲಾರೆ. ಬಿಚ್ಚುವ ಮೊದಲು ನೀನು ಒಮ್ಮೆ ಪೂರ್ತಿ ಅಳೆದು ಬರೆಯಬೇಕು. ನನ್ನ 33 ಅಡಿಯ ಸರಪಳಿ ತುಕ್ಕು ಹಿಡಿದಿದೆ, ಹೊಸ ಟೇಪು ತಂದಿಟ್ಟಿದ್ದೇನೆ. ಇನ್ನೊಂದು ತುದಿಯನ್ನು ನಾನು ಹಿಡಿಯುತ್ತೇನೆ. ನಡುಮನೆಯ ಎಡಗಡೆಯ ಕಂಬದ ಬುಡದಲ್ಲಿ ನೀನು ಏಳು ವರ್ಷದವಳಿದ್ದಾಗ ಮೊಳೆಯಿಂದ ಕೊರೆದ ಆನೆ ಹಾಗೆಯೇ ಇದೆ, ಸೊಂಡಿಲು ಸ್ವಲ್ಪ ಸವೆದಿದೆ. ಅದನ್ನೂ ಅಳತೆಯಲ್ಲೇ ಬರೆ.

ನಿನ್ನ
ಅಪ್ಪ