ಬೊಂಬೆ ಮೊದಲು, ಕತೆ ಆಮೇಲೆ

ಪ್ರೀತಿಯ ತಂಗಿ,

ನಿನ್ನ ಲೇಖನವನ್ನು ಎರಡು ಸಲ ಓದಿದೆ. ಅದರಲ್ಲಿರುವ ಸಿಟ್ಟು ನನಗೆ ಇಷ್ಟವಾಯಿತು. ಆದರೆ ‘ಕಾರ್ಟೂನ್‌ಗಳ ನಡುವೆ ಜಾಹೀರಾತು ಜಾಸ್ತಿಯಾಯಿತು’ ಅಂತ ಶುರು ಮಾಡಿದ್ದೀಯಲ್ಲ, ಅಲ್ಲೇ ದಾರಿ ತಪ್ಪಿದೆ. 1980ರ ದಶಕದ ಅಮೆರಿಕದಲ್ಲಿ ಕಾರ್ಟೂನೇ ಜಾಹೀರಾತಾಗಿಬಿಟ್ಟಿತು.

ಯಾವುದು ಮೊದಲು ಬಂತು ಅಂತ ನೋಡು. ಹೀ-ಮ್ಯಾನ್ ಬೊಂಬೆ ಅಂಗಡಿಗೆ ಬಂದದ್ದು 1982ರಲ್ಲಿ. ಕಾರ್ಟೂನ್ ಬಂದದ್ದು 1983ರಲ್ಲಿ. ಇಂಥದ್ದಕ್ಕೆ ಹಿಂದೆ ತಡೆ ಇತ್ತು. 1969ರಲ್ಲಿ ಹಾಟ್ ವೀಲ್ಸ್ ಆಟಿಕೆ ಕಾರುಗಳ ಕಾರ್ಟೂನ್ ಬಂದಾಗ ಪ್ರತಿಸ್ಪರ್ಧಿ ಕಂಪನಿ ದೂರು ಕೊಟ್ಟಿತು. ಪ್ರಸಾರದ ಮೇಲೆ ಕಣ್ಣಿಡುವ ಎಫ್‌ಸಿಸಿ ಆಕ್ಷೇಪ ಎತ್ತಿತು. 1974ರಲ್ಲಿ ಜಾಹೀರಾತಿನ ನಿಮಿಷಗಳಿಗೂ ಮಿತಿ ಹೇಳಿತು. ಆಮೇಲೆ ಅಧ್ಯಕ್ಷ ರೇಗನ್ ಕಾಲ ಬಂತು. ಎಫ್‌ಸಿಸಿ ಮುಖ್ಯಸ್ಥ ಮಾರ್ಕ್ ಫೌಲರ್ ಟಿವಿಯನ್ನು ‘ಚಿತ್ರ ಬರುವ ಟೋಸ್ಟರ್’ ಅಂದರು. ಆ ಮಾತು ನಿನ್ನ ಲೇಖನದಲ್ಲಿ ಇರಲೇಬೇಕು. ಟಿವಿ ಬರೀ ಅಡುಗೆಮನೆ ಸಾಮಾನಾದರೆ ಅದಕ್ಕೆ ಕಾವಲು ಯಾಕೆ, ಅಲ್ವಾ? 1984ರಲ್ಲಿ ಮಿತಿಯನ್ನು ತೆಗೆದುಹಾಕಿದರು.

ಪೆಗ್ಗಿ ಚಾರೆನ್ ಬಗ್ಗೆ ಒಂದೇ ಸಾಲು ಬರೆದಿದ್ದೀಯ, ಸಾಲದು. 1968ರಿಂದ ಟಿವಿ ವಿಷಯದಲ್ಲಿ ಮಕ್ಕಳ ಪರವಾಗಿ ಹೋರಾಡಿದ ತಾಯಿ ಆಕೆ. ಆದರೂ ಸೆನ್ಸಾರ್ ಬೇಡ ಅನ್ನುತ್ತಿದ್ದರು. ಆ ಹೋರಾಟದ ಫಲವಾಗಿ ಬಂದ 1990ರ ಕಾಯ್ದೆ ವಾರಾಂತ್ಯದಲ್ಲಿ ಗಂಟೆಗೆ ಹತ್ತೂವರೆ ನಿಮಿಷ, ಉಳಿದ ದಿನ 12 ನಿಮಿಷ ಅಂತ ಜಾಹೀರಾತಿಗೆ ಮಿತಿ ಹಾಕಿತು. ಆದರೆ ಅದರ ಹಿಂದೆಯೇ ಎಫ್‌ಸಿಸಿ ಮಾಡಿದ ನಿಯಮವನ್ನು ನಿಧಾನವಾಗಿ ಓದು. ಬೊಂಬೆಯ ಕಾರ್ಟೂನ್ ನಡೆಯುವಾಗ ಅದೇ ಬೊಂಬೆಯ ಜಾಹೀರಾತು ಹಾಕುವಂತಿಲ್ಲ, ಅಷ್ಟೇ. ಕಾರ್ಟೂನಿಗೆ ಏನೂ ಅಡ್ಡಿಯಿಲ್ಲ!

ಇನ್ನೊಂದು ಮಾತು. ಅದನ್ನೆಲ್ಲ ನೋಡಿದ ಮಕ್ಕಳನ್ನು ‘ಮೋಸ ಹೋದವರು’ ಅಂತ ಸುಮ್ನೆ ಬರೆದುಬಿಡಬೇಡ. ನಮ್ಮ ದೂರದರ್ಶನದಲ್ಲೂ ಹೀ-ಮ್ಯಾನ್ ಬರುತ್ತಿತ್ತು. ನನ್ನ ಮಗ ಮರದ ಅಳತೆಪಟ್ಟಿಯನ್ನು ಕತ್ತಿಯ ಹಾಗೆ ಮೇಲೆತ್ತಿ ಮನೆಯೆಲ್ಲ ಕೂಗುತ್ತಾ ಓಡುತ್ತಿದ್ದ. ಅವನ ಖುಷಿಯಲ್ಲಿ ಯಾವ ಮೋಸವೂ ಇರಲಿಲ್ಲ. ಮಕ್ಕಳ ಪ್ರೀತಿ ಅಷ್ಟು ನಿಜವಾದದ್ದರಿಂದಲೇ ಈ ವಿಷಯ ನನ್ನನ್ನು ಕಾಡುತ್ತದೆ.

ರೋಬೋಟ್ ಆಟಿಕೆಗಳ ಮೇಲೆ ಮಾಡಿದ 1986ರ ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನ್ ಸಿನಿಮಾ ನಿನ್ನ ಲೇಖನದಲ್ಲಿ ಇಲ್ಲವೇ ಇಲ್ಲ. ಅದರಲ್ಲಿ ಮಕ್ಕಳ ಕಣ್ಮಣಿಯಾದ ನಾಯಕ ರೋಬೋಟ್ ಆಪ್ಟಿಮಸ್ ಪ್ರೈಮ್ ಸಾಯುತ್ತಾನೆ. ಹಳೆಯ ಆಟಿಕೆಗಳನ್ನು ಕೈಬಿಟ್ಟು ಹೊಸವನ್ನು ಮಾರಬೇಕಿತ್ತು, ಅದಕ್ಕೆ ಅವನನ್ನು ಕೊಂದರು. ಥಿಯೇಟರಿನಲ್ಲಿ ಮಕ್ಕಳು ಅತ್ತರು. ಅವನ ಮೇಲೆ ಅವರಿಗೆ ಎಷ್ಟು ಪ್ರೀತಿಯಿತ್ತು ಅನ್ನುವುದು ಆಟಿಕೆ ಕಂಪನಿಗೆ ಅಂದಾಜೇ ಇರಲಿಲ್ಲ. 1987ರಲ್ಲಿ ಟಿವಿ ಸರಣಿಯಲ್ಲಿ ಅವನನ್ನು ಮತ್ತೆ ಬದುಕಿಸಬೇಕಾಯಿತು.

ನೀನೂ ಕತೆ ಬರೆಯುವವಳು. ಒಂದು ಪಾತ್ರದ ಸಾವನ್ನು ಮಾರಾಟದ ಪಟ್ಟಿ ನೋಡಿ ತೀರ್ಮಾನಿಸುವುದು ಅಂದರೆ ಏನು ಅಂತ ನಿನಗೆ ಗೊತ್ತಾಗುತ್ತದೆ. ಮುಂದಿನ ಕರಡನ್ನು ಆ ಥಿಯೇಟರಿನ ಕತ್ತಲಿನಿಂದ ಶುರು ಮಾಡು. ಬರೆದ ತಕ್ಷಣ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಕ್ಕ