ದಾರದ ಗಂಟು ಹಾಕಿಕೊಟ್ಟವರಿಗೆ

ಆಡಿನ ಮಹಾಪಧಮನಿಯ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಬಿಗಿತ ಅಳೆಯುವ ಕೆಲಸ ಈ ವಾರ ಮುಗಿಯಿತು. ಕಾರವಾರ, ಶಿರಸಿಯಲ್ಲಿ ಕೈಜೋಡಿಸಿದವರಿಗೆಲ್ಲ ನಮಸ್ಕಾರ. ಯಾರ ಕೆಲಸ ಎಲ್ಲಿ ಉಪಯೋಗಕ್ಕೆ ಬಂತು ಎಂಬುದು ನಿಮಗೂ ಗೊತ್ತಿರಬೇಕು.

ಮೊದಲು ಕಾರವಾರದ ಮಟನ್ ಅಂಗಡಿಯ ಅಣ್ಣನಿಗೆ. ಪ್ರತಿ ನಾಳದಲ್ಲೂ ಹೃದಯದ ಕಡೆಯ ತುದಿಗೆ ಬಿಳಿ ದಾರದ ಗಂಟು ಹಾಕಿಯೇ ಕೊಟ್ಟಿರಿ. ತುಂಡು ಮಾಡಿದ ಮೇಲೆ ಎರಡು ತುದಿಯೂ ಒಂದೇ ಥರ ಕಾಣುತ್ತವೆ. ಆದರೆ ಹೃದಯದ ಹತ್ತಿರ ಎಲಾಸ್ಟಿನ್ (ರಬ್ಬರಿನಂತೆ ಹಿಗ್ಗುವ ಪ್ರೋಟೀನ್) ಜಾಸ್ತಿ, ಕೆಳಗಿಳಿದಂತೆ ಕೊಲಾಜನ್ (ಹೆಚ್ಚು ಹಿಗ್ಗದ ಗಟ್ಟಿ ಪ್ರೋಟೀನ್) ಪಾಲು ಏರುತ್ತದೆ. ಗಂಟಿಲ್ಲದಿದ್ದರೆ ಇವೆರಡರ ಅಂಕಿ ಕಲಸಿಹೋಗುತ್ತಿದ್ದವು. ಸುತ್ತಲಿನ ಕೊಬ್ಬನ್ನು ಚೂರಿಯಿಂದ ಕೆರೆಯದೆ ಬಿಟ್ಟಿದ್ದೂ ದೊಡ್ಡ ಉಪಕಾರ. ಸಣ್ಣ ಗೀರಿದ್ದರೂ ಎಳೆದಾಗ ಅಲ್ಲಿಂದಲೇ ಹರಿಯುತ್ತದೆ.

ಬೈತಖೋಲ ಬಂದರಿನಲ್ಲಿ ಮೀನಿನ ಐಸ್ ಪುಡಿ ಮಾಡಿಕೊಟ್ಟವರಿಗೂ ಧನ್ಯವಾದ. ನಾಳವನ್ನು ಸಲೈನಿನಲ್ಲಿ (ಲೀಟರಿಗೆ 9 ಗ್ರಾಂ ಉಪ್ಪು) ಅದ್ದಿದ ಬಟ್ಟೆಯಲ್ಲಿ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದೊಳಗಿಟ್ಟು ಐಸಿನಲ್ಲಿ ಹೂತು ತಂದೆವು. ಕರಗಿದ ಸಿಹಿನೀರು ಒಳಗಿಳಿದರೆ ಅಂಗಾಂಶ ಊದಿಕೊಳ್ಳುತ್ತದೆ.

ಶಿರಸಿಯ ಲೇತ್ ಅಂಗಡಿಯವರ ಋಣ ಎಲ್ಲಕ್ಕಿಂತ ಹೆಚ್ಚು. ನಾಳದಿಂದ ಕತ್ತರಿಸಿದ ಪಟ್ಟಿಯನ್ನು ಎರಡು ಹಿಡಿಕೆಗಳ ನಡುವೆ ಕಚ್ಚಿಸಿ ಯಂತ್ರದಲ್ಲಿ ಎಳೆಯುತ್ತೇವೆ; ಈ ಕೆಲಸ ಕೆಡುವುದೇ ಹಿಡಿಕೆಯಲ್ಲಿ. ಸಡಿಲವಾದರೆ ಒದ್ದೆ ಪಟ್ಟಿ ಜಾರುತ್ತದೆ, ಯಂತ್ರ ಅದನ್ನೂ ಹಿಗ್ಗುವಿಕೆ ಎಂದೇ ಬರೆದುಕೊಳ್ಳುತ್ತದೆ. ಬಿಗಿ ಹೆಚ್ಚಾದರೆ ಪಟ್ಟಿ ಹಿಡಿಕೆಯ ಅಂಚಿನಲ್ಲೇ ತುಂಡಾಗುತ್ತದೆ. ಅಂಥ ಪರೀಕ್ಷೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ನೀವು ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದಿರಿ, ಒಳಮೈಗೆ ಉಪ್ಪುಕಾಗದ ಅಂಟಿಸಲು ಜಾಗ ಬಿಟ್ಟಿರಿ. ಆಮೇಲೆ ಪಟ್ಟಿಗಳು ನಡುವಿನಲ್ಲೇ ಹರಿಯತೊಡಗಿದವು.

ದಪ್ಪ ಅಳೆದುಕೊಟ್ಟ ಹುಡುಗ ಹುಡುಗಿಯರೇ, ನಿಮ್ಮ ತಾಳ್ಮೆಗೆ ಶರಣು. ಕ್ಯಾಲಿಪರಿನ ದವಡೆ ಮೆತ್ತನೆಯ ನಾಳವನ್ನು ಅದುಮಿಬಿಡುತ್ತದೆ. 1.5 ಮಿಲಿಮೀಟರ್ ಇದ್ದದ್ದು 1.2 ಎಂದು ಓದಿದರೆ ಒತ್ತಡದ (ಎಳೆಯುವ ಬಲವನ್ನು ಪಟ್ಟಿಯ ಅಡ್ಡಕೊಯ್ತದಿಂದ ಭಾಗಿಸಿದ ಅಂಕಿ) ಲೆಕ್ಕ 25 ಶೇಕಡಾ ಮೇಲೇರುತ್ತದೆ. ಎರಡು ಗಾಜಿನ ಸ್ಲೈಡುಗಳ ನಡುವೆ ಹಗುರವಾಗಿ ಇಟ್ಟು, ಒಟ್ಟು ದಪ್ಪದಲ್ಲಿ ಗಾಜಿನದನ್ನು ಕಳೆದು, ಪ್ರತಿ ಪಟ್ಟಿಗೂ ಮೂರು ಕಡೆ ಅಳೆದಿರಿ. 37 ಡಿಗ್ರಿ ಸಲೈನಿನಲ್ಲಿ ಹತ್ತು ಸಲ ಎಳೆದು ಬಿಟ್ಟು, ಯಂತ್ರ ಬರೆಯುವ ಬಲ-ಹಿಗ್ಗುವಿಕೆಯ ಗೆರೆ ಒಂದರ ಮೇಲೊಂದು ಕೂರುವವರೆಗೆ ಕಾದವರೂ ನೀವೇ. ಮೊದಲ ಎಳೆತದ ಗೆರೆಯನ್ನು ನಂಬುವಂತಿಲ್ಲ.

ಹಿಡಿಕೆ ಎರಡೂ ಸುಸ್ಥಿತಿಯಲ್ಲಿವೆ. ಸ್ನಾಯುರಜ್ಜುವೋ ಚರ್ಮವೋ ಅಳೆಯುವವರಿದ್ದರೆ ಕೇಳಿ, ಒಯ್ಯಿರಿ. ಉಪ್ಪುಕಾಗದ ಮಾತ್ರ ಪ್ರತಿ ಪಟ್ಟಿಗೂ ಹೊಸದು ಹಾಕಿಕೊಳ್ಳಿ.